ಸುತ್ತು ಗೀರು, ಅಡ್ಡ ಗೀರು

ಕೆಲಸವನ್ನು ಹೊಗಳುವಾಗ ಯಾರಾದರೂ ‘ಫಳಫಳ ಹೊಳೀತಿದೆ’ ಅಂದರೆ ಸಾಕು, ಕಾರ್ಖಾನೆಯಲ್ಲಿ ಉಕ್ಕು ಕಡೆಯುವ ಟರ್ನರನಿಗೆ ಇವತ್ತಿಗೂ ಮೈ ಉರಿಯುತ್ತದೆ. ಹನ್ನೆರಡು ವರ್ಷ ಹಿಂದಿನ ಸಿಟ್ಟು ಅದು, ಇನ್ನೂ ಆರಿಲ್ಲ. ಹೊರಗಿನಿಂದ ಬಂದ ನಾಲ್ಕು ಜನರ ಎದುರಿಗೆ ಹೊಸ ಮ್ಯಾನೇಜರು ಅವನು ಕಡೆದಿಟ್ಟ ಫ್ಲ್ಯಾಂಜನ್ನು ಎತ್ತಿ ಹಿಡಿದು, “ಇದೇನ್ರೀ, ಬೆಕ್ಕು ಪರಚಿದ ಹಾಗಿದೆ” ಅಂದಿದ್ದರು. ಬಂದವರು ನಕ್ಕಿದ್ದರು. ನಕ್ಕವರಲ್ಲಿ ಒಬ್ಬನಿಗೂ ಫ್ಲ್ಯಾಂಜೆಂದರೆ ತಿನ್ನುವುದೋ ಹೊದೆಯುವುದೋ ಗೊತ್ತಿರಲಿಲ್ಲ ಎಂಬುದು ಟರ್ನರನ ವಾದ.

ಫ್ಲ್ಯಾಂಜು ಅಂದರೆ ಕೊಳವೆಯ ತುದಿಗಿರುವ ಉಕ್ಕಿನ ಕಾಲರು, ಅಷ್ಟೇ. ಎರಡು ಕೊಳವೆ ಸೇರುವ ಕಡೆ ಎರಡು ಕಾಲರುಗಳು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ನಡುವೆ ಒಂದು ರಬ್ಬರ್ ರಿಂಗು, ಬಿಡದಂತೆ ಹಿಡಿಯಲು ಹೊರಗಡೆ ಕ್ಲ್ಯಾಂಪು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆಯುವ ಉಕ್ಕಿನ ಪೆಟ್ಟಿಗೆಗಳು. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಹೊರಗಿನ ಗಾಳಿ ಕಳ್ಳನ ಹಾಗೆ ಒಳಗೆ ನುಗ್ಗುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಆ ಸಲ ಬೈಕು ಕಾರುಗಳ ದೀಪದ ಬಟ್ಟಲಿಗೆ ಕನ್ನಡಿಯಂಥ ಲೇಪ ಕೂರಿಸುವವರು ದೊಡ್ಡದೊಂದು ಪೆಟ್ಟಿಗೆ ಕೇಳಿದ್ದರು. ಅದಕ್ಕೆ ಹನ್ನೊಂದು ಜೋಡಣೆ, ಇಪ್ಪತ್ತೆರಡು ಫ್ಲ್ಯಾಂಜು.

ಟರ್ನರ್ ಓದಿದ್ದು ನಾಲ್ಕನೇ ಕ್ಲಾಸು. ಹದಿನೈದು ತುಂಬುವ ಮೊದಲೇ ಲೇತೆಂಬ ಕಡೆಯುವ ಯಂತ್ರದ ಮುಂದೆ ನಿಂತವನು ನಲವತ್ತಾದರೂ ಅಲ್ಲಿಂದ ಕದಲಿರಲಿಲ್ಲ. ಕಾಗದದ ಮೇಲಿನ ನಕ್ಷೆ ಅವನಿಗೆ ಅಷ್ಟಕ್ಕಷ್ಟೆ. ಆದರೆ ಯಾವ ಜಾಗಕ್ಕೆ ಯಾವ ರಿಂಗು, ಯಾವ ಕ್ಲ್ಯಾಂಪು ಅನ್ನುವುದು ಅವನ ಕೈಗೆ ಗೊತ್ತಿತ್ತು. ಸಣ್ಣ ಕೊಳವೆಗೆ ಒಂದೇ ತಿರುಪಿನ ಬಳೆ ಕ್ಲ್ಯಾಂಪು ಸಾಕು, ದಪ್ಪ ಕೊಳವೆಗೆ ಸುತ್ತ ನಾಲ್ಕೋ ಆರೋ ಕೊಕ್ಕೆ ಬೇಕು. ತಣ್ಣಗಿರುವ ಕಡೆ ಕಪ್ಪು ರಿಂಗು, ಹೀಟರಿನ ಪಕ್ಕ ಬಿಸಿ ತಡೆಯುವ ಕಂದು ರಿಂಗು. ರಿಂಗಿಗೆ ಗ್ರೀಸು ಎಷ್ಟು ಎಂದು ಕೇಳಿದರೆ, “ತುಟಿಗೆ ಹಚ್ಕೊಂಡಷ್ಟು, ರೊಟ್ಟಿಗೆ ಬಳಿದಷ್ಟಲ್ಲ” ಅನ್ನುತ್ತಿದ್ದ. ಎಲ್ಲಕ್ಕಿಂತ ಮುಖ್ಯ ಫ್ಲ್ಯಾಂಜಿನ ಮುಖ. ಲೇತಿನ ಮೇಲೆ ಕೊನೆಯ ಸವರು ಆದಮೇಲೆ ಅದರ ಮೇಲೆ ಸಣ್ಣ ಸಣ್ಣ ವೃತ್ತದ ಗೆರೆಗಳು ಉಳಿಯುತ್ತವೆ, ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ. ಆ ಗೆರೆಗಳನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಮ್ಯಾನೇಜರು ಅವೇ ಗೆರೆಗಳಿಗೆ ಬೆಕ್ಕು ಪರಚಿದ್ದು ಅಂದರು. ಅಷ್ಟಕ್ಕೇ ಬಿಡಲಿಲ್ಲ. ಇಪ್ಪತ್ತೆರಡನ್ನೂ ಪಾಲಿಶ್ ವಿಭಾಗಕ್ಕೆ ಕಳಿಸಿದರು. ಅಲ್ಲಿಯವರು ಮರಳುಕಾಗದ ಸುತ್ತಿದ ಚಕ್ರ ಹಿಡಿದು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ತಿಕ್ಕಿ ತಿಕ್ಕಿ ಮುಖ ನೋಡಿಕೊಳ್ಳುವ ಹಾಗೆ ಮಾಡಿ ಕೊಟ್ಟರು.

ಸುದ್ದಿ ಕಿವಿಗೆ ಬಿದ್ದಾಗ ಟರ್ನರ್ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿ ಮ್ಯಾನೇಜರ ಕೋಣೆಗೆ ನುಗ್ಗಿದ. ಅವನು ಏನು ಹೇಳಿದ ಎಂಬುದು ಯಾರಿಗೂ ನೆನಪಿಲ್ಲ. ಎಷ್ಟು ಜೋರಾಗಿ ಹೇಳಿದ ಎಂಬುದು ಮಾತ್ರ ಎಲ್ಲರಿಗೂ ನೆನಪಿದೆ. ಹೊರಗೆ ವೆಲ್ಡಿಂಗ್ ಮಾಡುತ್ತಿದ್ದವರು ಕೆಲಸ ನಿಲ್ಲಿಸಿ ಕಿವಿಗೊಟ್ಟರಂತೆ. ಸಂಜೆಯೊಳಗೆ ಅವನನ್ನು ಲೇತಿನಿಂದ ತೆಗೆದು, ಕಳಿಸುವ ಮಾಲಿಗೆ ಮರದ ಪುಡಿ ತುಂಬುವ ಕೆಲಸಕ್ಕೆ ಹಾಕಿದರು.

ಮಾರನೆಯ ದಿನ ಪೆಟ್ಟಿಗೆ ಜೋಡಿಸಿ ಪಂಪು ಹಚ್ಚಿದರು. ಒಳಗಿನ ಗಾಳಿ ಅಳೆಯುವ ಗೇಜಿನ ಮುಳ್ಳು ಅರ್ಧ ದಾರಿಗೆ ಇಳಿದು ನಿಂತಿತು. ವಾಲ್ವು ಮುಚ್ಚಿದ ಹತ್ತು ನಿಮಿಷಕ್ಕೆ ಹೋದ ದಾರಿಯಲ್ಲೇ ವಾಪಸು ಬಂತು. ಕಪ್ಪು ರಿಂಗು ತೆಗೆದು ಕಂದು ಹಾಕಿದರು. ತೆಳ್ಳಗಿನದು ತೆಗೆದು ದಪ್ಪದ್ದು ತುರುಕಿದರು. ಗ್ರೀಸು ಮೆತ್ತಿದರು. ಕ್ಲ್ಯಾಂಪಿಗೆ ಪೈಪು ಸಿಕ್ಕಿಸಿ ಇಬ್ಬಿಬ್ಬರು ಜೋತುಬಿದ್ದು ಬಿಗಿದರು, ಎರಡು ತಿರುಪಿನ ಎಳೆ ಕಿತ್ತುಹೋಯಿತು. ಮುಳ್ಳು ಜಗ್ಗಲಿಲ್ಲ. ಟರ್ನರ್ ದೂರದಿಂದ ನೋಡುತ್ತ ಹಲ್ಲು ಕಡಿಯುತ್ತ ಮರದ ಪುಡಿ ತುಂಬಿದ. ಮೂರನೆಯ ದಿನ ಮ್ಯಾನೇಜರು ಫೋರ್‌ಮನ್ನನಿಗೆ ಹೇಳಿದರು: “ಇದೆಲ್ಲ ಅವನು ಕಡೆದ ತಪ್ಪು. ಶನಿವಾರ ಪೆಟ್ಟಿಗೆ ಪಾಸಾಗದಿದ್ರೆ ಸೋಮವಾರದಿಂದ ಆ ಲೇತಿಗೆ ಬೇರೆಯವನು.”

ಅವತ್ತು ಮನೆಗೆ ಬಂದ ಟರ್ನರ್ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. ಹೆಂಡತಿ ಕೇಳಿ ಕೇಳಿ ಸಾಕಾಗಿ, “ರೀ, ಗೋಡೆ ಬಿರುಕು ಬಿಡುತ್ತೆ” ಅಂದಳು. ಅವಳ ತಾಯಿ ಕಿಟಕಿಯ ಬಳಿ ಕೂತು ಬಟ್ಟೆ ಮಡಿಸುತ್ತಿದ್ದರು. ಅತ್ತೆಗೂ ಅಳಿಯನಿಗೂ ಅಷ್ಟಾಗಿ ಮಾತಿರಲಿಲ್ಲ. ಅವನು ಕೂಗುವುದು, ಅವರು ಸುಮ್ಮನಿರುವುದು ಆ ಮನೆಯ ಏರ್ಪಾಡು. ಅವತ್ತು ಮಾತ್ರ ಬಾಯಿ ತೆರೆದರು.

“ಅಲ್ಲ, ಗೆರೆ ಇದ್ರೆ ತಪ್ಪೋ, ಇಲ್ದಿದ್ರೆ ತಪ್ಪೋ? ಅದನ್ನಾದ್ರೂ ಹೇಳಿ.”

“ಗೆರೆ ಇದ್ದೇ ಇರುತ್ತೆ ಅತ್ತೆ. ನನ್ನ ಗೆರೆ ಸುತ್ತ ಓಡುತ್ತೆ. ಅದರಲ್ಲಿ ಹೊಕ್ಕ ಗಾಳಿ ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತೆ, ಒಳಗೆ ಹೋಗೋಕೆ ದಾರಿ ಇಲ್ಲ. ಅವರು ತಿಕ್ಕಿದ್ದು ಅಡ್ಡಡ್ಡ. ಕಣ್ಣಿಗೆ ಕಾಣಲ್ಲ, ಆದರೆ ಒಂದೊಂದು ಗೀರೂ ಹೊರಗಿಂದ ಒಳಗೆ ನೇರ ರಸ್ತೆ.”

“ಇದನ್ನ ಅವರಿಗೆ ಹೇಳಿದ್ರಾ?”

“ಹೇಳ್ದೆ.”

“ಕೂಗಿದ್ರಿ. ಕೂಗಿದ್ದು ಯಾರಿಗೂ ಕೇಳಲ್ಲಪ್ಪ. ತೋರಿಸಿ.” ಅವರು ಎದ್ದು ಅಡುಗೆಮನೆಯಿಂದ ಎರಡು ಹಳೇ ಅಲ್ಯುಮಿನಿಯಂ ತಟ್ಟೆ ತಂದರು. “ಒಂದಕ್ಕೆ ಸುತ್ತ ಗೀರಿ, ಇನ್ನೊಂದಕ್ಕೆ ಅಡ್ಡ ಗೀರಿ. ನಿಮ್ಮ ರಿಂಗು ಇಟ್ಟು ನೀರು ಹಾಕೋಣ. ನೀರು ಬೇಡ, ನನ್ನ ಕಣ್ಣಿಗೆ ಕಾಣಲ್ಲ. ಶಾಯಿ ಹಾಕಿ.”

ಮೊಳೆ ಬಂತು, ಅವನ ಚೀಲದಿಂದ ಒಂದು ರಿಂಗು ಬಂತು, ಮಗಳ ಶಾಯಿ ಬಾಟಲಿ ಬಂತು. ತಟ್ಟೆಯ ಮೇಲೆ ರಿಂಗಿಟ್ಟು, ಮಧ್ಯಕ್ಕೆ ಶಾಯಿ ಬಿಟ್ಟು, ಮೇಲೊಂದು ಡಬ್ಬಿಯ ಮುಚ್ಚಳ ಒತ್ತಿ ಹಿಡಿದ. ಸುತ್ತ ಗೀರಿದ ತಟ್ಟೆಯಲ್ಲಿ ಶಾಯಿ ರಿಂಗಿನೊಳಗೇ ಕೂತಿತು. ಅಡ್ಡ ಗೀರಿದ್ದರಲ್ಲಿ ನೀಲಿ ದಾರಗಳು ಒಂದೊಂದಾಗಿ ರಿಂಗಿನ ಕೆಳಗಿಂದ ತೂರಿ ಹೊರಗೆ ಬಂದವು. ಅತ್ತೆ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿ, “ಹೂಂ, ಈಗ ನನಗೂ ಗೊತ್ತಾಯ್ತು” ಎಂದು ಮತ್ತೆ ಬಟ್ಟೆ ಮಡಿಸಲು ಹೋದರು.

ಬೆಳಗ್ಗೆ ಟರ್ನರ್ ಎರಡು ತಟ್ಟೆ, ರಿಂಗು, ಮುಚ್ಚಳ, ಶಾಯಿ ಬಾಟಲಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಮ್ಯಾನೇಜರ ಕೋಣೆಗೆ ಹೋದ. ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಈ ಸಲ ಅವನು ಕೂಗಲಿಲ್ಲ. ಮೇಜಿನ ಮೇಲಿನ ಕಾಗದ ಸರಿಸಿ, ತಟ್ಟೆಗಳನ್ನಿಟ್ಟು, ಶಾಯಿ ಬಿಟ್ಟು, ಒತ್ತಿ ಹಿಡಿದ. ನೀಲಿ ದಾರ ಹೊರಗೆ ಬರುವುದನ್ನು ಮ್ಯಾನೇಜರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಪಾಲಿಶ್ ಆದ ಫ್ಲ್ಯಾಂಜೊಂದನ್ನು ತರಿಸಿ ಬೆಳಕಿಗೆ ಓರೆಯಾಗಿ ಹಿಡಿದರು.

“ಯಾರ್ರೀ ಹೇಳಿಕೊಟ್ಟಿದ್ದು ಇದನ್ನ?”

“ನಾನೇ ಯೋಚನೆ ಮಾಡಿದ್ದು ಸಾರ್.”

“ಒಂದು ದಿನ ಕೊಡ್ತೀನಿ. ಏನು ಬೇಕೋ ಮಾಡಿ.”

ಲೇತು ಅವನ ಕೈಗೆ ವಾಪಸು ಬಂತು. ಇಪ್ಪತ್ತೆರಡು ಫ್ಲ್ಯಾಂಜಿನ ಮುಖದಿಂದಲೂ ಕೂದಲೆಳೆಯಷ್ಟು ಸವರಿ ತೆಗೆದ. ಪ್ರತಿಯೊಂದರ ಮೇಲೂ ಹೆಬ್ಬೆರಳಿನ ಉಗುರನ್ನು ಗೆರೆಗುಂಟ ಸುತ್ತಲೂ ಎಳೆದು ನೋಡಿದ. ಅಡ್ಡ ಗೀರಿಗೆ ಉಗುರು ಎಡವಿದರೆ ಮತ್ತೆ ಲೇತಿಗೆ. ಹಿಂದಿನ ದಿನಗಳಲ್ಲಿ ಹಿಂಡಿ ಹಿಪ್ಪೆಯಾದ ರಿಂಗುಗಳನ್ನೆಲ್ಲ ಬುಟ್ಟಿಗೆಸೆದು ಹೊಸವನ್ನು ಆರಿಸಿದ. ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ, ಸೀಳಿದೆಯೋ ಎಂದು ನೋಡಿ, ಹೀಟರಿನ ಕಡೆಯ ಮೂರಕ್ಕೆ ಕಂದು, ಉಳಿದ ಎಂಟಕ್ಕೆ ಕಪ್ಪು ಕೂರಿಸಿದ. ಕೊಕ್ಕೆಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿದ. ಸಣ್ಣ ಕ್ಲ್ಯಾಂಪುಗಳಿಗೆ ಎರಡೇ ಬೆರಳಿನ ಬಿಗಿ.

“ಅಷ್ಟೇನಾ? ಬಿಚ್ಚಿಕೊಂಡು ಬೀಳುತ್ತಲ್ಲೋ” ಎಂದ ಫೋರ್‌ಮನ್.

“ಒಳಗಿನ ಗಾಳಿ ಹೋದ್ಮೇಲೆ ಹೊರಗಿನ ಗಾಳೀನೇ ಒತ್ತಿ ಹಿಡ್ಕೊಳ್ಳುತ್ತೆ. ನೀನೂ ಪೈಪು ಹಿಡ್ಕೊಂಡು ಜೋತಾಡಬೇಕಾಗಿಲ್ಲ.”

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಗಿರಾಕಿಯ ಕಡೆಯವರ ಎದುರಿಗೇ ಪಂಪು ಹಚ್ಚಿದರು. ಮುಳ್ಳು ಅರ್ಧ ದಾರಿ ದಾಟಿತು. ಮುಕ್ಕಾಲು ದಾಟಿತು. ಗೇಜಿನ ಕೊನೆಯ ಗೆರೆಗೆ ಹೋಗಿ ಮುಟ್ಟಿತು. ಹನ್ನೊಂದಕ್ಕೆ ವಾಲ್ವು ಮುಚ್ಚಿದರು. ಮಧ್ಯಾಹ್ನದ ಊಟಕ್ಕೆ ಯಾರೂ ಹೊರಗೆ ಹೋಗಲಿಲ್ಲ, ಗೇಜಿನ ಸುತ್ತಲೇ ನಿಂತು ಡಬ್ಬಿ ಬಿಚ್ಚಿದರು. ನಾಲ್ಕು ಗಂಟೆಗೆ ಗಿರಾಕಿಯ ಎಂಜಿನಿಯರು ಗೇಜು ಕೆಟ್ಟಿದೆಯೇನೋ ಎಂದು ಬೆರಳಲ್ಲಿ ತಟ್ಟಿ ನೋಡಿದ. ಮುಳ್ಳು ಅಲ್ಲಾಡಲಿಲ್ಲ. ವೆಲ್ಡಿಂಗಿನವರು ತಗಡಿನ ಮೇಲೆ ಸುತ್ತಿಗೆ ಬಡಿದು ಶೆಡ್ಡೆಲ್ಲ ಮೊಳಗಿಸಿದರು. ಫೋರ್‌ಮನ್ ಟರ್ನರನ ಬೆನ್ನಿಗೆ ಗುದ್ದಿ, “ಈಗ ಕೂಗಯ್ಯ, ಬೇಡ ಅನ್ನೋರು ಯಾರೂ ಇಲ್ಲ” ಅಂದ. ಟರ್ನರ್ ಕೈಯೊರೆಸುವ ಬಟ್ಟೆಯಿಂದ ಮುಖ ಒರೆಸಿಕೊಂಡ. ಮ್ಯಾನೇಜರು ಗಿರಾಕಿಯವರಿಗೆ ಅವನನ್ನು ತೋರಿಸಿ, “ಇನ್ಮೇಲೆ ಯಾವ ಫ್ಲ್ಯಾಂಜೂ ಇವರ ಉಗುರು ದಾಟದೆ ಹೊರಗೆ ಹೋಗಲ್ಲ” ಎಂದರು. ಹಾಗೇ ನಡೆದುಕೊಂಡೂ ಬಂದಿದೆ. ಅಂದಿನಿಂದ ಆ ಕಾರ್ಖಾನೆಯಿಂದ ಸೋರುವ ಪೆಟ್ಟಿಗೆ ಒಂದೂ ಹೋಗಿಲ್ಲ.

ಅವತ್ತು ಮನೆಯಲ್ಲಿ ಕಥೆಯನ್ನೆಲ್ಲ ಎರಡೆರಡು ಸಲ ಹೇಳಿದ. ಅತ್ತೆ ನಗುತ್ತ ಕೇಳಿದರು. ಅವರು ಒಳಗೆ ಹೋದಮೇಲೆ ಹೆಂಡತಿ ಮೆಲ್ಲಗೆ, “ಉಪಾಯ ಅಮ್ಮಂದು ಅಂತ ಹೇಳಿದ್ರಾ ಅಲ್ಲಿ?” ಎಂದಳು.

“ಸೋಮವಾರ ಹೇಳ್ತೀನಿ.”

ಸೋಮವಾರ ಹೇಳಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಮ್ಯಾನೇಜರು ಬೇರೆ ಕೆಲಸ ಹಿಡಿದು ಹೋದರು. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು, ಕೊನೆಯವರೆಗೂ ಆ ವಿಷಯ ಎತ್ತಲಿಲ್ಲ. ಇವತ್ತಿಗೂ ಕಾರ್ಖಾನೆಗೆ ಹೊಸಬರು ಸೇರಿದರೆ ಮೊದಲ ದಿನ ತಟ್ಟೆ, ಶಾಯಿ ತಂದು ತೋರಿಸುತ್ತಾರೆ. ಟರ್ನರನ ತಟ್ಟೆ ಅಂತಲೇ ಅದಕ್ಕೆ ಹೆಸರು. ಪ್ರತಿ ಸಲವೂ ಹೇಳಿಬಿಡಬೇಕೆಂದು ಅವನು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಯಾರೋ ಗ್ರೀಸು ಜಾಸ್ತಿ ಹಚ್ಚಿರುತ್ತಾರೆ, ಅವರ ಮೇಲೆ ಕೂಗಾಡುತ್ತ ಆ ಕಡೆ ಹೊರಟುಬಿಡುತ್ತಾನೆ.