ಹನೀಫನ ಮನೆಯಲ್ಲಿ ಉಣ್ಣದ ಅತಿಥಿ

ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗಿನ ಸುತ್ತಮುತ್ತಲಿನ ಕನ್ನಡಿಗರಲ್ಲಿ ಹನೀಫನ ಮನೆಯಿಂದ ಅರೆಹೊಟ್ಟೆಯಲ್ಲಿ ಹೊರಬಂದವರು ಯಾರೂ ಇಲ್ಲ. ಉಳ್ಳಾಲದ ಹನೀಫ್ ಚಿಪ್ ಪರೀಕ್ಷಿಸುವ ವಿಭಾಗದಲ್ಲಿ ಎಂಜಿನಿಯರ್. ಆಫೀಸಿನಲ್ಲಿ ಮಾತು ಕಡಿಮೆ. ಮನೆಗೆ ನೆಂಟರು ಬಂದರೆ ಮಾತ್ರ ಬೇರೆಯೇ ಮನುಷ್ಯ. ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಬಿರಿಯಾನಿ ಬಡಿಸುತ್ತಿದ್ದ. ಡಯಟ್ ಎಂದವರಿಗೆ “ಅದು ನಾಳೆಯಿಂದ ಮಾರಾಯ್ರೆ” ಎನ್ನುತ್ತಿದ್ದ. ಜರ್ಮನ್ ಸಹೋದ್ಯೋಗಿಯೊಬ್ಬರು ಅವನ ಮನೆಯಲ್ಲಿ ಉಂಡ ಮೇಲೆ ಸೈಕಲ್ಲನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ಹೋದದ್ದುಂಟು.

ಇಂಥವನ ಮಗಳು ನಮ್ರಾ ಒಂದು ದಿನ ಶಾಲೆಯಿಂದ ಬಂದವಳೇ ತನಗೊಂದು ಕುದುರೆ ಬೇಕೆಂದಳು. ಅವಳ ತರಗತಿಯ ಹುಡುಗಿಯರೆಲ್ಲ ಶನಿವಾರ ಕುದುರೆ ಸವಾರಿಗೆ ಹೋಗುತ್ತಿದ್ದರು. ಮನೆ ಮಾಲೀಕರು ನಾಯಿಯನ್ನೂ ಒಪ್ಪದವರು. ಹನೀಫ್ ಬಹಳ ಯೋಚಿಸಿ, ತಿಂಗಳುಗಟ್ಟಲೆ ಉಪ್ಪುನೀರಿನ ತೊಟ್ಟಿಯನ್ನು ಹದಮಾಡಿ, ಪಕ್ಕದ ಓಟೋಬ್ರುನ್‌ನಲ್ಲಿ ಕಡಲಕುದುರೆಗಳನ್ನು ಸಾಕಿ ಮರಿಮಾಡಿಸುವ ಫ್ರಾವ್ ವಿಮ್ಮರ್ ಎಂಬ ಮಹಿಳೆಯಿಂದ ಒಂದನ್ನು ತಂದ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಅರಿಶಿನ ಬಣ್ಣದ ಹೆಣ್ಣು.

“ಇದು ಇಲ್ಲಿ ತಿನ್ನಲು ಶುರುಮಾಡಲಿ, ಆಮೇಲೆ ಇದರ ಜೋಡಿಯನ್ನು ಕೊಡುತ್ತೇನೆ” ಎಂದಿದ್ದರು ಫ್ರಾವ್ ವಿಮ್ಮರ್.

“ತಿನ್ನಿಸುವ ಚಿಂತೆ ನಿಮಗೆ ಬೇಡ” ಎಂದು ಹನೀಫ್ ನಕ್ಕಿದ್ದ.

ನಮ್ರಾ ಅದನ್ನು ಹಿಂದೆ ಮುಂದೆ ನೋಡಿ, ಇದರ ಮೇಲೆ ಕೂರುವುದು ಹೇಗೆ ಎಂದು ಕೇಳಿದಳು. ಬಾಲದ ಸುರುಳಿ ಕಂಡು ಬ್ರೆಟ್ಸೆಲ್ ಎಂದು ಇಲ್ಲಿನ ತಿರುಚು ಬ್ರೆಡ್ಡಿನ ಹೆಸರನ್ನೂ ಇಟ್ಟಳು.

ಬ್ರೆಟ್ಸೆಲ್ ಪ್ಲಾಸ್ಟಿಕ್ ಗಿಡವೊಂದಕ್ಕೆ ಬಾಲ ಸುತ್ತಿಕೊಂಡಿತು. ಹನೀಫ್ ಫ್ರೀಜರಿನಿಂದ ಸಣ್ಣ ಸಿಗಡಿ ತೆಗೆದು, ಕರಗಿಸಿ, ತೊಳೆದು, ಡ್ರಾಪರಿನಲ್ಲಿ ಅದರ ಮೂತಿಯ ಮುಂದೆ ಬಿಟ್ಟ. ಅದು ಒಂದು ಕಣ್ಣಿನಿಂದ ಸಿಗಡಿಯನ್ನು, ಇನ್ನೊಂದರಿಂದ ಹನೀಫನನ್ನು ನೋಡಿತು. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿತು.

ಸಂಜೆಯೂ ಹಾಗೆಯೇ ಆಯಿತು. ಮರುದಿನವೂ.

“ತಿನ್ನು ಮಾರಾಯ್ತಿ, ಒಂದೇ ಒಂದು” ಎಂದು ಹನೀಫ್ ಗಾಜಿಗೆ ಮೂಗು ಒತ್ತಿ ಬೇಡಿಕೊಂಡ. ಸಿಗಡಿಯನ್ನು ಇನ್ನೂ ಸಣ್ಣಗೆ ಹೆಚ್ಚಿದ. ಬೆಳ್ಳುಳ್ಳಿ ರಸ ಬೆರೆಸಿದರೆ ಮೀನುಗಳಿಗೆ ರುಚಿ ಹತ್ತುತ್ತದೆ ಎಂದು ಎಲ್ಲೋ ಓದಿ ಅದನ್ನೂ ಮಾಡಿದ. ಹೆಂಡತಿ ಆಸಿಯಾ ಅಡುಗೆಮನೆಯಿಂದ ಹಣಕಿ, “ಶುಂಠಿ ಬೇಡ್ವಾ? ಕೊತ್ತಂಬರಿ ಸೊಪ್ಪು ಉಂಟು” ಎಂದಳು.

“ತಮಾಷೆ ಮಾಡ್ಬೇಡ. ಇದಕ್ಕೆ ಹೊಟ್ಟೆ ಅಂತ ಚೀಲವೇ ಇಲ್ಲ, ಗೊತ್ತುಂಟಾ? ತಿಂದದ್ದು ಹಾಗೇ ಹೋಗ್ತದೆ. ಆಗಾಗ ತಿನ್ನದಿದ್ರೆ ಬದುಕೂದಿಲ್ಲ.”

“ಹೊಟ್ಟೆಯೇ ಇಲ್ಲದವಳಿಗೆ ನೀವು ಹೊಟ್ಟೆತುಂಬ ಅಂತ ಹಟ ಹಿಡಿದ್ರೆ ಹೇಗೆ?”

ಹನೀಫನಿಗೆ ನಗು ಬರಲಿಲ್ಲ. ಅವನು ಮೀನು ಹುರಿದದ್ದನ್ನು ತೊಟ್ಟಿಯ ಎದುರು ಕೂತು ತಿನ್ನಲಾರದೆ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಉಣ್ಣತೊಡಗಿದ. ಮೀಟಿಂಗಿನ ನಡುವೆ ಫೋನಿನಲ್ಲಿ ಮನೆಯ ಕ್ಯಾಮೆರಾ ತೆರೆದು ತೊಟ್ಟಿಯನ್ನು ನೋಡುತ್ತಿದ್ದ. ಕೆಲಸ ಮುಗಿಸಿ ಬಂದವನು ಶೂ ಬಿಚ್ಚುವ ಮೊದಲೇ ಗಾಜಿನ ಮುಂದೆ ನಿಲ್ಲುತ್ತಿದ್ದ.

“ಪಾಪಾ, ಡು ನೆರ್ಫ್ಸ್ಟ್ ಸೀ” ಎಂದಳು ನಮ್ರಾ.

“ಏನಂದ್ಲು?” ಜರ್ಮನ್ ಗೊತ್ತಿದ್ದೂ ಕೇಳಿದ.

“ನೀವು ಅದಕ್ಕೆ ಕಾಟ ಕೊಡ್ತಿದ್ದೀರಿ ಅಂತ” ಎಂದಳು ಆಸಿಯಾ.

ಕೊನೆಗೆ ಮಾನ ಬಿಟ್ಟು ಫ್ರಾವ್ ವಿಮ್ಮರ್ ಅವರಿಗೆ ಫೋನ್ ಮಾಡಿದ. ಅವರು ಜೀವಂತ ಸಿಗಡಿಮರಿಗಳ ಡಬ್ಬಿ ಹಿಡಿದು ತಾವೇ ಬಂದರು. ಬಂದವರಿಗೆ ಆಸಿಯಾ ಸಮೋಸ ಕೊಟ್ಟಳು. ಅವರು ಒಂದು ತಿಂದು ಸಾಕೆಂದರೆ ಹನೀಫ್ ಇನ್ನೆರಡು ಹಾಕಿದ.

“ನೀವು ದಿನಾ ಹೇಗೆ ತಿನ್ನಿಸುತ್ತೀರೋ ಹಾಗೇ ಮಾಡಿ ತೋರಿಸಿ” ಎಂದರು ಫ್ರಾವ್ ವಿಮ್ಮರ್.

ಹನೀಫ್ ಗಾಜಿಗೆ ಮುಖ ಒತ್ತಿ, ಡ್ರಾಪರ್ ಇಳಿಸಿ, “ಕಮ್, ಕಮ್” ಎನ್ನುತ್ತ ಚಪ್ಪಾಳೆ ತಟ್ಟಿದ. ತೊಟ್ಟಿಯ ನೀರು ತಿರುಗಿಸುವ ಪಂಪಿನ ರಭಸಕ್ಕೆ ಸಿಗಡಿ ಚೂರುಗಳು ಗಿರಗಿರನೆ ಸುತ್ತಿ ಮೂಲೆ ಸೇರಿದವು. ಬ್ರೆಟ್ಸೆಲ್ ಗಿಡದ ಹಿಂದಕ್ಕೆ ಸರಿಯಿತು.

ಫ್ರಾವ್ ವಿಮ್ಮರ್ ತಮ್ಮ ತಟ್ಟೆಯ ಸಮೋಸಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

“ಹೆರ್ ಹನೀಫ್, ಅದರ ಕಷ್ಟ ನನಗೆ ಈಗ ಅರ್ಥವಾಯಿತು.”

ಅದು ಆತುರದ ಪ್ರಾಣಿಯಲ್ಲ, ತಿನ್ನುವುದನ್ನು ಮೊದಲು ಚೆನ್ನಾಗಿ ನೋಡಬೇಕು, ಯೋಚಿಸಬೇಕು. ಅಷ್ಟರಲ್ಲಿ ಪಂಪು ಊಟವನ್ನೇ ಎಳೆದೊಯ್ಯುತ್ತಿದೆ ಎಂದು ವಿವರಿಸಿದರು. ಊಟದ ಹೊತ್ತಿಗೆ ಪಂಪು ನಿಲ್ಲಿಸಿ, ಗಿಡದ ಬುಡದಲ್ಲಿ ಪುಟ್ಟ ಗಾಜಿನ ಬಟ್ಟಲಿಟ್ಟು, ಅದರಲ್ಲಿ ಜೀವಂತ ಸಿಗಡಿ ಬಿಡಬೇಕು. “ಆಮೇಲೆ ನೀವು ದೂರ ಹೋಗಬೇಕು. ಬಹಳ ದೂರ.”

ಹನೀಫನಿಗೆ ಹೋಗಲು ಸಾಧ್ಯವಾದ ಬಹಳ ದೂರವೆಂದರೆ ಅದೇ ಕೋಣೆಯ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಹಿಂಬದಿ. ಭಾನುವಾರ ಮಧ್ಯಾಹ್ನ ಪಂಪು ನಿಲ್ಲಿಸಿ, ಒದ್ದೆ ಪೈಜಾಮಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತ. ಊಟಕ್ಕೆಂದು ಮ್ಯೂನಿಕ್‌ನಿಂದ ಬಂದ ಗೆಳೆಯ ಝುಹೈಬ್‌ನನ್ನೂ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡ.

“ಏನ್ ಗುರು ಇದು? ಹಸಿವಾಗ್ತಿದೆ ನಂಗೆ” ಎಂದ ಝುಹೈಬ್.

“ಶ್! ಅವಳದ್ದು ಮೊದಲು.”

ಬ್ರೆಟ್ಸೆಲ್ ಗಿಡದಿಂದ ತುಸು ಬಾಗಿತು. ಬಟ್ಟಲಿನಲ್ಲಿ ಕುಣಿಯುತ್ತಿದ್ದ ಸಿಗಡಿಮರಿಯೊಂದನ್ನು ಎಡಗಣ್ಣಿನಿಂದ ನೋಡಿತು, ಬಲಗಣ್ಣಿನಿಂದ ನೋಡಿತು, ಕತ್ತು ತಗ್ಗಿಸಿತು. ಟಕ್ ಎಂದು ಚಿಟಿಕೆ ಹೊಡೆದಂಥ ಸದ್ದು. ಸಿಗಡಿಮರಿ ಇರಲಿಲ್ಲ. ಮತ್ತೊಮ್ಮೆ ಟಕ್.

“ತಿಂದ್ಲು! ಆಸಿಯಾ, ತಿಂದ್ಲು!” ಹನೀಫ್ ಎದ್ದ ರಭಸಕ್ಕೆ ಸ್ಟ್ಯಾಂಡು ಪೈಜಾಮಗಳ ಸಮೇತ ಝುಹೈಬ್‌ನ ಮೇಲೆ ಬಿತ್ತು. ಭಾನುವಾರ ಸದ್ದು ಮಾಡಬಾರದೆಂಬ ಇಲ್ಲಿನ ನಿಯಮ ಮುರಿದದ್ದಕ್ಕೆ ಕೆಳಮನೆಯವರು ಕೋಲಿನಿಂದ ತಮ್ಮ ಚಾವಣಿ ಕುಟ್ಟಿದರು. ಹನೀಫನ ಕಣ್ಣಲ್ಲಿ ನೀರಿತ್ತು. ಆಸಿಯಾ ಅವನ ಬೆನ್ನು ಸವರಿದಳು.

ಮುಂದಿನ ದಿನಗಳಲ್ಲಿ ಬ್ರೆಟ್ಸೆಲ್ ಜೀವಂತ ಸಿಗಡಿಯ ಜೊತೆಗೆ ಬೆರೆಸಿಟ್ಟ ಫ್ರೀಜರಿನದ್ದನ್ನೂ ತಿನ್ನಲು ಕಲಿಯಿತು. ಮಾತಿನಂತೆ ಫ್ರಾವ್ ವಿಮ್ಮರ್ ಗಂಡು ಕುದುರೆಯನ್ನೂ ತಂದುಕೊಟ್ಟರು. ಅದು ಬಂದು ಕೊಂಚ ಸುಧಾರಿಸಿಕೊಂಡದ್ದೇ ತಡ, ಯಾರಿಂದಲೂ ಒತ್ತಾಯ ಮಾಡಿಸಿಕೊಳ್ಳದೆ ಬಟ್ಟಲಿಗೆ ಬಂದು ತಿನ್ನತೊಡಗಿತು. ಹನೀಫ್ ಡ್ರಾಪರ್ ಹಿಡಿದು ನಿಂತೇ ಇದ್ದ.

“ಇವನಿಗೆ ಸ್ವಲ್ಪವೂ ಸಂಕೋಚ ಇಲ್ಲ ಅಲ್ವಾ?” ಎಂದ, ಸ್ವಲ್ಪ ಬೇಸರದಿಂದಲೇ.