ಲಾಭಾಂಶದ ದಿನದ ಕಾಫಿ

ಮಕಾಯೆ ಎಂಬ ಕಡಲೂರಿನ ಬೇಕರಿಯಲ್ಲಿ ದಿನಾ ಬೆಳಿಗ್ಗೆ ಸೇರುವ ನಿವೃತ್ತರ ಮೇಜಿನಲ್ಲಿ ಬೆಲರ್ಮೀನು ಹೇಳಿದ್ದೇ ಕೊನೆಯ ಮಾತು. ಕಡಲ ನಡುವಿನ ತೈಲಬಾವಿಯಲ್ಲಿ ಮೂವತ್ತು ವರ್ಷ ಒತ್ತಡಮಾಪಕದ ಮುಳ್ಳು ನೋಡುತ್ತ ಕೂತವನು. ಕಚ್ಚಾ ತೈಲದ ಬೆಲೆ ಏರುವುದೂ ಇಳಿಯುವುದೂ ಅವನ ಮೂಗಿಗೆ ಮೊದಲೇ ಗೊತ್ತಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಭವಿಷ್ಯನಿಧಿಯ ದುಡ್ಡಿನಲ್ಲಿ ಅವರಲ್ಲಿ ಬಹುತೇಕರು ಕೊಂಡದ್ದು ಒಂದೇ ತೈಲ ಕಂಪನಿಯ ಷೇರು. ಮೇಜಿಗೊಂದು ಕಟ್ಟಳೆಯೂ ಇತ್ತು: ಲಾಭಾಂಶ ಬಂದ ದಿನ ಷೇರು ಇದ್ದವರು ಇಲ್ಲದವರಿಗೆ ಕಾಫಿ ಕುಡಿಸಬೇಕು.

ಮಹಾಮಾರಿಯ ವರ್ಷ ತೈಲ ಕೇಳುವವರೇ ಇಲ್ಲವಾದರು. ಷೇರು ದಿನಕ್ಕಿಷ್ಟು ಕುಸಿಯಿತು. ಒಡಿಲಾನ್ ಬೆಲರ್ಮೀನಿಗೆ ಫೋನ್ ಮಾಡಿದ. ಒಂದೇ ತೈಲಬಾವಿಯಲ್ಲಿ ದುಡಿದು, ಒಂದೇ ಕೋಣೆಯ ಮೇಲೆ-ಕೆಳಗಿನ ಮಂಚಗಳಲ್ಲಿ ಮಲಗಿದ್ದ ಗೆಳೆಯ.

"ಏನೋ ಮಾಡೋಣ? ಕೈಕಾಲೇ ಆಡ್ತಿಲ್ಲ."

"ಮಾರಿಬಿಡು ಮಾರಾಯ. ಇನ್ನೂ ತಳ ಕಾಣುತ್ತೆ ಇದು."

"ನೀನು?"

"ನಾನು ನಿನ್ನೆನೇ ಮಾರಿದೆ."

ಅದು ಸುಳ್ಳು. ಮಾರಲು ಹೊರಟದ್ದು ನಿಜ. ಆದರೆ ಫೋನಿನಲ್ಲಿ ಗುಪ್ತಪದ ಮೂರು ಸಲ ತಪ್ಪು ಒತ್ತಿ ಖಾತೆಗೆ ಬೀಗ ಬಿದ್ದಿತ್ತು, ಬ್ಯಾಂಕಿನ ಬಾಗಿಲೂ ಮುಚ್ಚಿತ್ತು. ಅಷ್ಟು ದೊಡ್ಡ ಯಂತ್ರಗಳನ್ನು ಆಡಿಸಿದವನಿಗೆ ಅಂಗೈಯಗಲದ ಫೋನು ಬಗ್ಗಲಿಲ್ಲ ಎಂದು ಬಾಯಿಬಿಡುವುದು ಹೇಗೆ? ಒಡಿಲಾನ್ ಅಂದೇ ಮಾರಿದ, ಕೊಂಡ ಬೆಲೆಯ ಮೂರರಲ್ಲೊಂದು ಪಾಲಿಗೆ. ಬಂದ ದುಡ್ಡು ಸಾಲದೆ ಅರವತ್ತೆಂಟನೇ ವಯಸ್ಸಿನಲ್ಲಿ ಟ್ಯಾಕ್ಸಿ ಓಡಿಸಲು ಹೊರಟ.

ಬ್ಯಾಂಕು ತೆರೆಯುವ ಹೊತ್ತಿಗೆ ಬೆಲೆ ಚೇತರಿಸಿತ್ತು; ಬೆಲರ್ಮೀನು ಮಾರಲಿಲ್ಲ, ಅದನ್ನು ಯಾರಿಗೂ ಹೇಳಲೂ ಇಲ್ಲ. ಎರಡು ವರ್ಷ ಕಳೆಯಿತು. ಬೆಲೆ ಗಗನಕ್ಕೇರಿತು. ಹಿಂದೆಂದೂ ಕಾಣದಷ್ಟು ಲಾಭಾಂಶ ಬಂತು. ಅಂದು ಬೇಕರಿಯಲ್ಲಿ ಹಬ್ಬದ ಗದ್ದಲ.

"ಇನ್ನೂ ಏರುತ್ತೆ, ಬರೆದಿಟ್ಕೋ!" ಎಂದ ಮೇಜಿನ ಇನ್ನೊಬ್ಬ ಗೆಳೆಯ ವಾಲ್ಡೀರ್, ಚೀಸ್ ಬನ್ನು ಮುರಿಯುತ್ತ.

"ಹೋದ ಸಲನೂ ಹೀಗೇ ಬರೆಸಿದ್ದೆ. ಪುಸ್ತಕ ತುಂಬಿಹೋಯ್ತು," ಎಂದು ಒಡಿಲಾನ್ ನಕ್ಕ. ಷೇರಿಲ್ಲದವನಾಗಿ ಅವನಿಗೆ ಅಂದು ಬಿಟ್ಟಿ ಕಾಫಿ.

ಷೇರು ಇದ್ದವರು ಕಾಫಿಗೆ ದುಡ್ಡು ಕೂಡಿಸುವಾಗ ಬೆಲರ್ಮೀನು ಹಳೆಯ ರೂಢಿಯಲ್ಲಿ ತನ್ನ ನೋಟನ್ನೂ ತೆಗೆದು ಮೇಜಿನ ಮೇಲಿಟ್ಟ. ಇಟ್ಟಮೇಲೆ ತಪ್ಪು ಹೊಳೆದು ಹಿಂದೆಗೆಯಲು ಹೋದ.

ಒಡಿಲಾನ್ ನೋಟನ್ನು ನೋಡಿದ, ಅವನ ಮುಖವನ್ನು ನೋಡಿದ. ಅರ್ಧ ಕಾಫಿ ಬಿಟ್ಟು ಎದ್ದುಹೋದ. ಮತ್ತೆ ಆ ಮೇಜಿಗೆ ಬರಲಿಲ್ಲ.

ಬೆಲರ್ಮೀನಿಗೆ ಅನ್ನ ರುಚಿಸದಾಯಿತು. ಲಾಭಾಂಶದಲ್ಲಿ ಅರ್ಧ ಕೊಡಲೇ? ಕೊಟ್ಟರೆ ಮುಖಕ್ಕೆ ಎಸೆದರೆ? ಕಡೆಗೆ ಒಂದು ಬೆಳಿಗ್ಗೆ ಟ್ಯಾಕ್ಸಿ ನಿಲ್ದಾಣಕ್ಕೆ ಹೋಗಿ, ಒಡಿಲಾನನ ಗಾಡಿಯಲ್ಲೇ ಕೂತ.

"ಎಲ್ಲಿಗೆ?" ಎಂದ ಒಡಿಲಾನ್, ತಿರುಗಿ ನೋಡದೆ.

"ಬೇಕರಿಗೆ."

ಸಮುದ್ರದ ದಂಡೆಯುದ್ದಕ್ಕೂ ಬೆಲರ್ಮೀನು ಗುಪ್ತಪದ, ಬೀಗ, ನಾಚಿಕೆ ಎಲ್ಲವನ್ನೂ ಹೇಳಿದ. ಒಡಿಲಾನ್ ಭುಜ ಕುಲುಕುವಂತೆ ನಕ್ಕ.

"ಗುಪ್ತಪದನಾ? ಅಯ್ಯೋ ದಡ್ಡ! ನನಗೂ ಬರಲ್ಲವೋ ಅದು. ಮಗಳ ಕೈಲಿ ಮಾರಿಸಿದ್ದು." ನಗು ಅಲ್ಲೇ ಒಣಗಿತು. "'ನನಗೆ ಮಾರೋಕೆ ಗೊತ್ತಾಗಲಿಲ್ಲ ಕಣೋ' ಅಂತ ನೀನು ಒಂದು ಮಾತು ಅಂದಿದ್ರೆ, ನಾನೂ ಮಾರ್ತಿರ್ಲಿಲ್ಲ. ನೀನು ಮಾರಿದೆ ಅಂದಿದ್ದಕ್ಕೆ ಮಾರಿದೆ. ಬೆಲೆ ನೋಡಿ ಅಲ್ಲ."

"ಅರ್ಧ ಕೊಡ್ತೀನಿ. ಬೇಡ ಅನ್ನಬೇಡ."

"ಷೇರು ಹೋದದ್ದು ಲೆಕ್ಕಕ್ಕಿಲ್ಲ ಬಿಡು. ರಾತ್ರಿ ಪಾಳಿಯಲ್ಲಿ ನೀನು 'ಒತ್ತಡ ಸರಿಯಾಗಿದೆ, ಮಲಗು' ಅಂದ್ರೆ ಕಣ್ಮುಚ್ಚಿ ಮಲಗ್ತಿದ್ದೆ. ಈಗ ಆ ರಾತ್ರಿಗಳನ್ನೆಲ್ಲ ನೆನೆಸಿಕೊಂಡ್ರೆ ಹೆದರಿಕೆಯಾಗುತ್ತೆ."

"ಅದೆಲ್ಲ ನಿಜ ಕಣೋ! ದೇವರಾಣೆ, ಮುಳ್ಳು ನೋಡಿಯೇ ಹೇಳ್ತಿದ್ದೆ!"

ಬೇಕರಿಯ ಮುಂದೆ ಗಾಡಿ ನಿಂತಿತು. ಒಳಗಿನಿಂದ ವಾಲ್ಡೀರ್ ಇಬ್ಬರನ್ನೂ ಕೈಬೀಸಿ ಕರೆದ. ಬೆಲರ್ಮೀನು ಇಳಿದು ಬಾಗಿಲು ಹಿಡಿದೇ ನಿಂತ.

"ಬಾರೋ. ಒಂದೇ ಒಂದು ಕಾಫಿ."

"ಬಾಗಿಲು ಹಾಕು," ಎಂದ ಒಡಿಲಾನ್ ಮೆಲ್ಲಗೆ. "ಹಿಂದೆ ಗಾಡಿಗಳು ಕಾಯ್ತಿವೆ."