ಡಬ್ಬಿಗೆ ಕೇಪು ತುಂಬಿದವನು ನಾನು

ಡಬ್ಬಿಗೆ ಕೇಪು ತುಂಬಿದವನು ನಾನು. ನನ್ನ ಅಕ್ಕ ನೀಲವ್ವ ಅಲ್ಲ. ನಲವತ್ತೈದು ವರ್ಷ ನಮ್ಮ ಮಂದಿಯೆಲ್ಲ ಅವಳೇ ಅಂದುಕೊಂಡರು, ನಮ್ಮಪ್ಪ ಸಾಯುವತನಕ ಅವಳೇ ಅಂದುಕೊಂಡ — ಯಾಕೆಂದರೆ ಹಾಗೆಂದು ಹೇಳಿದವನೂ ನಾನೇ.

ನನ್ನ ಹೆಸರು ಈರಣ್ಣ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಂದೂಕಿನ ಈರಣ್ಣನ ಅಂಗಡಿ ಎಲ್ಲಿ ಎಂದು ಕೇಳಿದರೆ ಸಾಕು, ಚಹಾದಂಗಡಿಯವನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು ದಾರಿ ತೋರಿಸುತ್ತಾನೆ. ಸರಕಾರದ ಪರವಾನಗಿ ಇದ್ದ ಅಂಗಡಿ ನಮ್ಮದು, ಅಪ್ಪನ ಕಾಲದ್ದು. ಬೆಳೆ ಕಾಯುವ ರೈತರ ಬಂದೂಕು ರಿಪೇರಿ ಮಾಡುವುದು, ಕಾಡತೂಸು ತುಂಬಿಕೊಡುವುದು. ಸೊಕ್ಕು ಅನ್ನಿ, ಜಂಬ ಅನ್ನಿ, ನನ್ನ ಕಸುಬಿನ ಬಗ್ಗೆ ತಗ್ಗಿ ಮಾತಾಡಲು ನನಗೆ ಬರುವುದಿಲ್ಲ. ನಾನು ತುಂಬಿದ ಕಾಡತೂಸು ಒಬ್ಬನ ಕೈಯಲ್ಲೂ ಕೆಟ್ಟದಾಗಿ ಸಿಡಿದಿಲ್ಲ. ಬೇಕಾದರೆ ಜೋಯಿಡಾದಿಂದ ಮುಂಡಗೋಡದತನಕ ವಿಚಾರಿಸಿ ಬರ್ರಿ. ಆದರೆ ಈ ಕೈಗುಣ ನನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ — ಅಲ್ಲಿ ಮಾತ್ರ ನಾನು ಸುಳ್ಳು ಹೇಳುತ್ತ ಬಂದೆ.

ಕೇಪು ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಡತೂಸಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಹಿತ್ತಾಳೆಯ ಬಟ್ಟಲು ಇರುತ್ತದೆ. ಬಂದೂಕಿನ ಕುದುರೆ ಬಂದು ಬಡಿದಾಗ ಕಿಡಿ ಹಾರಿಸಿ ಒಳಗಿನ ಮದ್ದಿಗೆ ಬೆಂಕಿ ಕೊಡುವುದು ಅದೇ. ಆಗಿನ ಕಾಡತೂಸು ಕಾಗದದವು. ಜೋಯಿಡಾ, ರಾಮನಗರದ ಕಡೆಯ ಮಳೆಗಾಲದ ಥಂಡಿಗೆ ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಕಾಗದ ಕೆಟ್ಟಿತು, ಮದ್ದು ಹಸಿಯಾಯಿತು — ಆದರೆ ತಳದ ಕೇಪು ಇನ್ನೂ ಜೀವಂತ. ಹೊಸ ಕೇಪು ಸಿಗುವುದೇ ಕಷ್ಟವಾಗಿದ್ದ ಕಾಲ. ಹೀಗಾಗಿ ಜೀವ ಇರುವ ಆ ಕೇಪನ್ನು ಹೊರಗೆ ತೆಗೆದು ಮತ್ತೆ ಬಳಸುವ ಕೆಲಸ ನಮ್ಮ ಅಂಗಡಿಯಲ್ಲಿ ನಡೆಯುತ್ತಿತ್ತು. ಆ ಕೆಲಸಕ್ಕೆ ಕೂಡ್ರುತ್ತಿದ್ದವಳು ಅಕ್ಕ, ನನಗಿಂತ ನಾಲ್ಕು ವರ್ಷ ದೊಡ್ಡವಳು.

ಏನು ಕೈ ಅವಳದು! ಹಿಡಿಕೆ ಒತ್ತುವ ಸಣ್ಣ ಯಂತ್ರದ ಮುಂದೆ ಅವಳು ಕೂತರೆ ಉಸಿರಾಡುತ್ತಾಳೋ ಇಲ್ಲವೋ ಎಂದು ಅನುಮಾನ ಬರಬೇಕು. 'ಒತ್ತಬೇಕು, ಬಡೀಬಾರ್ದು' — ಅವಳ ಮೊದಲ ಮಾತು ಅದು. ಸುತ್ತ ಮದ್ದಿನ ಒಂದು ಕಣ ಇರಬಾರದು, ನೆಲ ಒರೆಸಿಯೇ ಕೂಡ್ರಬೇಕು. ಕಣ್ಣಿಗೆ ವೆಲ್ಡಿಂಗ್‌ನವರ ಕನ್ನಡಕ ಬೇಕು. ಎಲ್ಲಕ್ಕಿಂತ ಮುಖ್ಯ, ತೆಗೆದ ಒಂದು ಕೇಪು ಇನ್ನೊಂದಕ್ಕೆ ತಾಗಬಾರದು, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಅದಕ್ಕೆ ಅವಳು ಹೂಡಿದ ಉಪಾಯ ನೋಡಿ — ಮನೆಯ ಅಳಗುಳಿ ಮಣೆಯನ್ನೇ ಅಂಗಡಿಗೆ ತಂದಳು. ಹೆಣ್ಣುಮಕ್ಕಳು ಹುಣಸೆಬೀಜ ಇಟ್ಟು ಆಡುವ ಮಣೆ. ಹದಿನಾಲ್ಕು ಕುಳಿ, ಒಂದೊಂದರಲ್ಲಿ ಒಂದೊಂದೇ ಕೇಪು. ಹದಿನಾಲ್ಕು ತುಂಬಿತೋ, ಅವಳು ಎದ್ದಳು. ಅವನ್ನು ಕಪಾಟಿನ ಗೂಡುಗಳಲ್ಲಿ ಬೇರೆಬೇರೆ ಇಟ್ಟು, ಕೈ ತೊಳೆದು, ನೀರು ಕುಡಿದು, ಮತ್ತೆ ಬರುವಳು. ಹಾಗೆ ತೆಗೆದ ಕೇಪು ಹಂದಿಯ ಎದುರು ನಿಲ್ಲುವವನಿಗೆ ಕೊಡಕೂಡದು, ಗಾಳಿಯಲ್ಲಿ ಹಾರಿಸಿ ಬೆದರಿಸಲು ಮಾತ್ರ ಎಂದೂ ಅವಳೇ ಕಟ್ಟುಮಾಡಿದ್ದಳು.

ಅಪ್ಪ ಗಿರಾಕಿಗಳ ಎದುರು ಮೀಸೆ ತಿರುವುತ್ತಿದ್ದ. 'ನಮ್ಮ ನೀಲಾ ಒಬ್ಬಾಕಿ ಇದ್ರ ಸಾಕ್ರೀ, ಅಂಗಡಿ ನಡೀತೈತಿ' ಎನ್ನುತ್ತಿದ್ದ. ಹೆಣ್ಣು ನೋಡಲು ಬಂದವರನ್ನು ಚಹಾ ಕುಡಿಸಿ ಕಳಿಸುತ್ತಿದ್ದ. ಪರವಾನಗಿಯಲ್ಲಿ ಅವಳ ಹೆಸರು ಸೇರಿಸಲು ಅರ್ಜಿ ಹಾಕುತ್ತೇನೆ ಎಂದು ಕೂಡ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಅಕ್ಕ ತಲೆ ಎತ್ತಲಿಲ್ಲ, ಆದರೆ ಅವಳ ಮುಖ — ಅಷ್ಟು ಖುಷಿಯ ಮುಖವನ್ನು ನಾನು ಆಮೇಲೆ ಅವಳ ಮದುವೆಯಲ್ಲೂ ನೋಡಲಿಲ್ಲ. ನಾನು ಹತ್ತೊಂಬತ್ತರ ಹುಡುಗ, ಮನೆಗೆ ಒಬ್ಬನೇ ಮಗ. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಮಳೆ ಹಿಡಿದ ದಿನ ಅದು. ರಾಮನಗರದ ಗಿರಾಕಿಯೊಬ್ಬರು ಒಂದು ಚೀಲ ಉಬ್ಬಿದ ಕಾಡತೂಸು ತಂದು ಅಪ್ಪನ ಮುಂದೆ ಇಟ್ಟಿದ್ದರು, ಸಂಜೆಯ ಬಸ್ಸಿಗೆ ಹೋಗಬೇಕು ಅಂದಿದ್ದರು. ಅಕ್ಕ ರೊಟ್ಟಿ ಬಡಿಯಲು ಒಳಮನೆಗೆ ಹೋದಳು. ಅವಳು ಬರುವುದರೊಳಗೆ ಎಲ್ಲ ಮುಗಿಸಿ ಅಪ್ಪನ ಕೈಗೆ ಕೊಡಬೇಕು, ನೋಡಪಾ ನಿನ್ನ ಮಗ ಎಂಥವ ಎಂದು ತೋರಿಸಬೇಕು — ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಮಣೆ ತುಂಬಿತು. ಏಳುವ ವ್ಯವಧಾನ ಯಾರಿಗಿತ್ತು? ಗೂಡಿನಲ್ಲಿ ಅಕ್ಕನ ಖಾಲಿ ಪೌಡರ್ ಡಬ್ಬಿ ಇತ್ತು, ತಗಡಿನದು. ಕೇಪುಗಳನ್ನು ಒಂದರ ಮೇಲೊಂದು ಅದರಲ್ಲಿ ಸುರಿದೆ. ಮತ್ತಷ್ಟು ತೆಗೆದೆ, ಮತ್ತೆ ಸುರಿದೆ. ಡಬ್ಬಿ ಮುಕ್ಕಾಲು ತುಂಬಿದಾಗ ಎದೆ ಉಬ್ಬಿಸಿಕೊಂಡು ಮುಚ್ಚಳ ಇಟ್ಟು ಅಂಗೈಯಿಂದ ಅದುಮಿದೆ.

ಡಬ್ಬಿ ಸಿಡಿದ ಸಪ್ಪಳ ಕೇಳಿದ ನೆನಪು ನನಗಿಲ್ಲ. ಎಡಗೈಯ ಎರಡು ಬೆರಳಿನ ತುದಿ ಇರಲಿಲ್ಲ, ಅದು ನೆನಪಿದೆ. ಹಿಟ್ಟಿನ ಕೈಯಲ್ಲೇ ಅಕ್ಕ ಓಡಿಬಂದಳು. ಸೆರಗು ಹರಿದು ನನ್ನ ಕೈಗೆ ಸುತ್ತತೊಡಗಿದಳು. ಹಿಂದೆಯೇ ಅಪ್ಪ ಬಂದ. ಗೋಡೆಗೆ ಸಿಕ್ಕ ತಗಡಿನ ಚೂರು ನೋಡಿದ, ಖಾಲಿ ಮಣೆ ನೋಡಿದ.

'ಯಾರು ಇದನ್ನ ಡಬ್ಬ್ಯಾಗ ತುಂಬಿದವ್ರು?'

ನಾನು ಹೇಳಿದೆ — 'ಅಕ್ಕ ತುಂಬಿಟ್ಟಿದ್ಲು. ನಾ ಬರೇ ಮುಟ್ಟಿದೆ.'

ನನ್ನ ಕೈ ಅವಳ ಕೈಯಲ್ಲಿತ್ತು ಆಗ. ಬಟ್ಟೆ ಸುತ್ತುತ್ತಿದ್ದವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಗಂಟು ಗಟ್ಟಿ ಹಾಕಿದಳು. ಆಮೇಲೆ 'ನಾ ಅಲ್ಲಪಾ' ಎಂದಳು, ಒಂದೇ ಸಲ.

'ಡಬ್ಬಿ ಯಾರದು?'

'ನಂದ.'

ಅಪ್ಪನಿಗೆ ಅಷ್ಟು ಸಾಕಾಯಿತು. ಬೆರಳು ಕಳೆದುಕೊಂಡ ಮಗ ಸುಳ್ಳು ಹೇಳುತ್ತಾನೆ ಎಂದು ಯಾವ ತಂದೆ ತಾನೇ — ಬೇಡ, ಅಪ್ಪನ ಮೇಲೆ ಹಾಕುವುದಿಲ್ಲ. ಸುಳ್ಳು ನನ್ನದು.

ಅಕ್ಕ ಅಂಗಡಿಯ ಕಡೆ ಕಾಲಿಡಕೂಡದು ಎಂದು ಅಪ್ಪ ಹೇಳಿದ. ಆ ಮಳೆಗಾಲ ಮುಗಿಯುವುದರೊಳಗೆ ಮುಂಡಗೋಡದ ಒಂದು ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟರು. ಮನೆ ಒಳ್ಳೆಯದು, ಭಾವನೂ ಒಳ್ಳೆಯವರು, ಅದಕ್ಕೆ ನಾನೇನೂ ಅನ್ನುವುದಿಲ್ಲ. ಆದರೆ ಅವಳಿಗೆ ಬೇಕಾಗಿದ್ದು ಮನೆಯಲ್ಲ, ಅವಳ ಕೆಲಸ. ತವರಿಗೆ ಬಂದಾಗ ಅಂಗಡಿಯ ಹೊಸ್ತಿಲ ಹೊರಗೇ ನಿಂತು ಅಪ್ಪನನ್ನು ಮಾತಾಡಿಸಿ ಹೋಗುವಳು. ಒಳಗೆ ಬಾ ಎಂದು ಅವನೂ ಕರೆಯಲಿಲ್ಲ. ಕರೆಯಬೇಕಾದವನು ನಾನಿದ್ದೆ — ಯಂತ್ರದ ಹಿಂದೆ, ತಲೆ ಬಗ್ಗಿಸಿಕೊಂಡು.

ಅಂದಿನಿಂದ ನಾನು ಆ ಕೆಲಸವನ್ನು ಅವಳ ಹಾಗೆಯೇ ಮಾಡಿದೆ. ಒಂದು ಕುಳಿ, ಒಂದು ಕೇಪು. ಹದಿನಾಲ್ಕಕ್ಕೆ ಏಳುವುದು, ಕೈ ತೊಳೆಯುವುದು, ನೀರು ಕುಡಿಯುವುದು. ಒಂದು ದಿನವೂ ತಪ್ಪಲಿಲ್ಲ, ಆಮೇಲೆ ಒಂದು ಅಪಘಾತವೂ ಆಗಲಿಲ್ಲ. ಮಂದಿ ಹೊಗಳಿದರು. ಹೊಗಳಿಸಿಕೊಳ್ಳುವುದು ನನಗೆ ಹಿಡಿಸಿತು, ಏನು ಮಾಡಲಿ, ಚೆನ್ನಾಗಿಯೇ ಹಿಡಿಸಿತು. ಬೆರಳು ಹೋದದ್ದು ಹೇಗೆ ಎಂದು ಕೇಳಿದರೆ ಕಸುಬಿನ ಗುರುತು ಎಂದು ನಗುತ್ತಿದ್ದೆ. ಈಗ ಪ್ಲಾಸ್ಟಿಕ್ ಕಾಡತೂಸು ಬಂದಿವೆ, ಹೊಸ ಕೇಪು ಸಿಗುತ್ತದೆ. ಕೇಳಲು ಬಂದವರಿಗೆ ನಾನು ಹೇಳುವುದು ಇಷ್ಟೇ, ಜೀವ ಇರುವ ಕೇಪಿಗೆ ಕೈ ಹಾಕಲೇಬೇಡಿ. ಅಂಥ ಕೈ ನಾನು ಕಂಡದ್ದು ಒಂದೇ ಜೋಡಿ.

ಇದಕ್ಕಿಂತ ಹೊಲಸು ಕೆಲಸ ಇನ್ನೊಂದು ಮಾಡಿದ್ದೇನೆ. ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದ. 'ನೀಲಾನ ಮ್ಯಾಲೆ ನನಗ ಸಿಟ್ಟಿಲ್ಲ. ಕ್ಷಮಾ ಮಾಡೇನಿ ಅಂತ ಹೇಳು ಆಕೀಗೆ' ಎಂದ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದಿತ್ತು? ಕೋಣೆಯಲ್ಲಿ ನಾವಿಬ್ಬರೇ. ನಾನು 'ಹೂಂನಪಾ' ಎಂದೆ. ಎಂದು, ಮುಂಡಗೋಡಕ್ಕೆ ಹೋಗಿ, ಅವಳು ಮಾಡದ ತಪ್ಪಿಗೆ ಅಪ್ಪನ ಕ್ಷಮೆಯನ್ನು ಅವಳಿಗೆ ಮುಟ್ಟಿಸಿ ಬಂದೆ. ಅವಳು ಕೇಳಿದಳು. ಉಂಡು ಹೋಗು ಎಂದಳು, ಬಡಿಸಿದಳು. ನಾನು ಉಂಡೆ.

ಹೋದ ತಿಂಗಳು ದಾಂಡೇಲಿಯಲ್ಲಿ ಗುರಿ ಹೊಡೆಯುವ ಆಟ ಕಲಿಸುವವರ ಒಂದು ಸಣ್ಣ ಕ್ಲಬ್ಬಿನವರು ನನ್ನನ್ನು ಕರೆಸಿ ಶಾಲು ಹೊದಿಸಿದರು. ಸುರಕ್ಷತೆಯ ಬಗ್ಗೆ ನಾಲ್ಕು ಮಾತಾಡಿ ಅಂದರು. ಮಾತಾಡಿದೆ, ಮಣೆಯ ಉಪಾಯವನ್ನೂ ಹೇಳಿದೆ, ಚಪ್ಪಾಳೆ ಬಿತ್ತು. ಕೊನೆಗೆ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. 'ಕಾಕಾರ, ಅಳಗುಳಿ ಮಣಿ ಬಳಸೂದು ಅಂತ ನಿಮಗ ಹೆಂಗ ಹೊಳೀತ್ರಿ? ಅದು ನಮ್ಮ ಹೆಣ್ಮಕ್ಕಳ ಆಟ ಅಲ್ಲೇನ್ರಿ?' ನೂರು ಕಣ್ಣು ನನ್ನ ಮೇಲೆ. ನಾನು ನಕ್ಕು, 'ಹೊಳೀತು ನೋಡವಾ, ದೇವರು ಕೊಟ್ಟ ಬುದ್ಧಿ' ಎಂದುಬಿಟ್ಟೆ. ಅರವತ್ತನಾಲ್ಕನೇ ವಯಸ್ಸಿನಲ್ಲಿ, ಶಾಲು ಹೊದ್ದುಕೊಂಡು, ಎರಡನೇ ಸಲ ಅವಳ ಕೈಯಿಂದ ಕೆಲಸ ಕಸಿದುಕೊಂಡೆ. ಥೂ ನನ್ನ ಬಾಳೇ!

ಮರುದಿನ ಬೆಳಿಗ್ಗೆಯೇ ಮುಂಡಗೋಡದ ಬಸ್ಸು ಹತ್ತಿದೆ.

ಅಕ್ಕ ಪಡಸಾಲೆಯಲ್ಲಿ ಮೊಮ್ಮಗಳ ಹೊಲಿಗೆ ಮಷೀನು ಬಿಚ್ಚಿ ಹರವಿಕೊಂಡು ಕೂತಿದ್ದಳು. ಎಲ್ಲ ಹೇಳಿದೆ. ಡಬ್ಬಿ, ಅಪ್ಪ, ಕ್ಲಬ್ಬು — ಒಂದೂ ಬಿಡದೆ. ಅಳುತ್ತಾಳೆ ಅಂದುಕೊಂಡಿದ್ದೆ, ಇಲ್ಲವೇ ತಲೆ ಸವರುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸ್ಕ್ರೂ ಒರೆಸಿ ತಾಟಿನಲ್ಲಿಟ್ಟಳು.

'ತಮ್ಮಾ, ನಾ ತುಂಬಿಲ್ಲ ಅನ್ನೂದು ನನಗ ಗೊತ್ತಿಲ್ಲದ ಸುದ್ದಿ ಏನೋ? ಇದನ್ನ ನನಗ ಹೇಳಾಕ ಹಳಿಯಾಳದಿಂದ ಬಂದೀಯಾ? ಗೊತ್ತಿರದಾವ ಒಬ್ಬ ಇದ್ದ. ಅಂವಾ ಸತ್ತ. ನನ್ನ ಕ್ಷಮಾ ಮಾಡಿ ಸತ್ತ.'

ನಾನು ಕಾಲು ಹಿಡಿಯಲು ಬಗ್ಗಿದೆ, ಕಾಲು ಹಿಂದೆಳೆದುಕೊಂಡಳು.

'ಅದೆಲ್ಲಾ ಬ್ಯಾಡ. ಆ ಕ್ಲಬ್ಬಿನ್ಯಾಗ ಎಷ್ಟ ಮಂದಿ ಇದ್ರು?'

'ನಲವತ್ತು, ಐವತ್ತು.'

'ಅಷ್ಟೂ ಮಂದೀನ್ನ ಮತ್ತ ಕೂಡಸು. ಅವರ ಮುಂದ ಹೇಳು. ನಾನೂ ಬರ್ತೇನಿ, ಮುಂದಿನ ಸಾಲಿನ್ಯಾಗ ಕುಂಡ್ರತೇನಿ. ಒಂದ ಮಾತು ಕಡಿಮಿ ಹೇಳಿದ್ರ ಎದ್ದ ನಿಂತು ನಾನ ಹೇಳಾಕಿ, ನೆನಪಿರ್ಲಿ.'

ಅರವತ್ತೆಂಟರ ಮುದುಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು. ಅಂಥವಳ ತಮ್ಮ ನಾನು ಎಂದು ನನಗೆ ಆ ಹೊತ್ತಿನಲ್ಲೂ ಹೆಮ್ಮೆಯೇ ಆಯಿತು. ನಾಚಿಕೆ ಆಮೇಲೆ ಬಂತು, ಬಸ್ಸಿನಲ್ಲಿ. ಇನ್ನೂ ಹೋಗಿಲ್ಲ.

ಕ್ಲಬ್ಬಿನವರಿಗೆ ಫೋನು ಮಾಡಿದ್ದೇನೆ. ಬರುವ ರವಿವಾರ ಹನ್ನೊಂದಕ್ಕೆ ಎಂದಿದ್ದಾರೆ. ಆ ಕೇಳಿದ ಹೆಣ್ಣುಮಗಳು ತಪ್ಪದೆ ಬರಲಿ ಎಂದು ಹೇಳಿದ್ದೇನೆ. ಅಲ್ಲಿ ಎದ್ದು ನಿಂತಾಗ ನಾಲಿಗೆ ಮತ್ತೆ ಹೊರಳಬಾರದು, ಅದಕ್ಕೇ ಇಲ್ಲಿ ಮೊದಲು ಬರೆದಿಟ್ಟೆ. ಐವತ್ತು ಮಂದಿಗೆ ಹೇಳುತ್ತೇನೆ, ಓದಿದ ನಿಮಗೂ ಹೇಳಿದಂತಾಯಿತು. ಅಪ್ಪ ಮಾತ್ರ ನೀಲಾ ತಪ್ಪು ಮಾಡಿದಳು ಎಂದುಕೊಂಡೇ ಹೋದ.